ಬೆಳಗಿನ ರಾಗದ ನಡುವೆ ಮಾತು ಬೇಕೇ?

ರೇಡಿಯೋದಲ್ಲಿ ಬೆಳಗ್ಗೆ ಅರ್ಧ ಗಂಟೆ ಶಾಸ್ತ್ರೀಯ ಸಂಗೀತ ಬರುತ್ತದೆ. ಅದರಲ್ಲಿ ನಿರೂಪಕರು ಮಾತಾಡಬೇಕೇ, ಸುಮ್ಮನಿರಬೇಕೇ? ನಮ್ಮ ಕರಾವಳಿಯ ಕೇಳುಗರಲ್ಲಿ ಇದಕ್ಕೆ ಎರಡು ಪಂಗಡ.

ಪರ: ಮಾತಾಡಲಿ, ನನಗೆ ಬೇಕು

ನನ್ನದು ಉಡುಪಿ. ನಾನು ಸಂಗೀತ ಕಲಿತವಳಲ್ಲ. ಆದರೆ ಈ ಕಡೆ ಮದುವೆಯಿರಲಿ, ದೇವಸ್ಥಾನದ ಉತ್ಸವವಿರಲಿ, ಸ್ಯಾಕ್ಸೋಫೋನ್ ಕೇಳದೆ ಯಾರೂ ದೊಡ್ಡವರಾಗುವುದಿಲ್ಲ. ಕದ್ರಿ ಗೋಪಾಲನಾಥರು ಆ ವಾದ್ಯವನ್ನು ಸಂಗೀತ ಕಚೇರಿಯ ವೇದಿಕೆಗೇ ಹತ್ತಿಸಿದರು. ನಾನೂ ಕೇಳುತ್ತಲೇ ಬೆಳೆದೆ. ರಾಗದ ಹೆಸರು ಮಾತ್ರ ಒಂದೂ ಗೊತ್ತಿರಲಿಲ್ಲ. "ಚಂದ ಉಂಟು" ಅನ್ನುವುದಷ್ಟೇ ನನ್ನ ವಿಮರ್ಶೆ.

ಹೆಸರು ಕಲಿಸಿದ್ದು ರೇಡಿಯೋ. ಒಂದು ದಿನ ನೀರುದೋಸೆ ಎರೆಯುತ್ತಿದ್ದೆ. ಬಿಲಹರಿ ಬೆಳಗಿನ ರಾಗ, ಸ್ವರ ಹತ್ತುವಾಗ ಮೋಹನ ರಾಗದ ಹಾಗೆ, ಇಳಿಯುವಾಗ ಶಂಕರಾಭರಣದ ಹಾಗೆ ಅಂತ ನಿರೂಪಕಿ ಹೇಳಿದರು. ಆಮೇಲೆ ವೀಣೆ ಶುರುವಾಯಿತು. ಹತ್ತುವಾಗ ಮಧ್ಯಮ, ನಿಷಾದ, ಅಂದರೆ ಮ, ನಿ ಬಿಟ್ಟು ಸ್ವರಗಳು ಹಾರಿ ಹಾರಿ ಹೋದವು. ಇಳಿಯುವಾಗ ಒಂದೂ ಬಿಡದೆ ಮೆಟ್ಟಿಲು ಮೆಟ್ಟಿಲಾಗಿ ಬಂದವು. ನನಗೆ ಕೇಳಿಸಿತು! ಕಾವಲಿಯ ಮುಚ್ಚಳ ತೆಗೆದರೆ ದೋಸೆ ಕೆಂಪಾಗಿ ಹಪ್ಪಳದ ಹಾಗೆ ಎದ್ದಿತ್ತು. ನೀರುದೋಸೆ ಕೆಂಪಾದರೆ ನಮ್ಮತ್ತೆ ಏನು ಹೇಳುತ್ತಾರೆ ಅಂತ ಇಲ್ಲಿ ಬರೆಯುವುದಿಲ್ಲ.

ಪಕ್ಕವಾದ್ಯದವರ ಕಥೆಯೂ ಉಂಟು. ಹಾಡಿದವರ ಹೆಸರು ಎಲ್ಲಾದರೂ ಸಿಗುತ್ತದೆ. ಪಿಟೀಲು ಯಾರು, ಮೃದಂಗ ಯಾರು ಅಂತ ನಿರೂಪಕರು ಹೇಳದಿದ್ದರೆ ಇನ್ಯಾರು ಹೇಳಬೇಕು?

ಹಿಂದೆ 1950ರ ದಶಕದಲ್ಲಿ ಕೇಂದ್ರದ ವಾರ್ತಾ ಮಂತ್ರಿ ಬಿ.ವಿ. ಕೇಸ್ಕರ್ ಆಕಾಶವಾಣಿಯಿಂದ ಸಿನಿಮಾ ಹಾಡು ದೂರವಿಟ್ಟು ಶಾಸ್ತ್ರೀಯ ಸಂಗೀತ ತುಂಬಿದರು. ಜನ ಸಿನಿಮಾ ಹಾಡು ಹಾಕುತ್ತಿದ್ದ ಶ್ರೀಲಂಕಾದ ರೇಡಿಯೋ ಸಿಲೋನ್ ಕಡೆ ಮುಳ್ಳು ತಿರುಗಿಸಿದರು. ಕೊನೆಗೆ 1957ರಲ್ಲಿ ಸಿನಿಮಾ ಹಾಡಿಗೆ ಜಾಗ ಕೊಟ್ಟ ಆಕಾಶವಾಣಿಯದೇ ವಿವಿಧ ಭಾರತಿ ಬಂತು. ಗೊತ್ತಿಲ್ಲದವರ ಕೈ ಹಿಡಿಯದೆ ಸುಮ್ನೆ ರಾಗ ಸುರಿದರೆ ಈಗಲೂ ಅಷ್ಟೇ.

ವಿರೋಧ: ಹೆಸರು ಹೇಳಿ, ಬದಿಗೆ ಸರಿಯಿರಿ

ನಾನು ಮಂಗಳೂರಿನವನು. ಬಿಲಹರಿಯ ಕಥೆ ಓದಿ ಖುಷಿಯಾಯಿತು. ಆದರೆ ಅದು ಒಂದೇ ವಾಕ್ಯ, ಅಲ್ವಾ? ಅಷ್ಟಕ್ಕೆ ಯಾರ ತಕರಾರೂ ಇಲ್ಲ. ಪಕ್ಕವಾದ್ಯದವರ ಹೆಸರನ್ನೂ ಹೇಳಲೇಬೇಕು. ತಮಾಷೆ ಏನೆಂದರೆ, ಇಷ್ಟೆಲ್ಲ ಮಾತಾಡುವವರು ಬಿಡುವುದು ಅದನ್ನೇ. ಇನ್ನು ಸಿಲೋನ್ ವಿಚಾರ. ಜನ ಅತ್ತ ಹೋದದ್ದು ವಿವರಣೆ ಸಾಲದೆ ಅಲ್ಲ, ಬೇಕಾದ ಹಾಡು ಇಲ್ಲದೆ.

ಒಂದು ಬೆಳಗ್ಗೆ ಹಂಪನಕಟ್ಟೆಗೆ ಹೋಗುವ ಬಸ್ಸಲ್ಲಿ ಕೂತು ಕಿವಿಗೆ ಇಯರ್‌ಫೋನ್ ಸಿಕ್ಕಿಸಿದ್ದೆ. ಯಾವ ನಿಲಯ ಅಂತ ಬೇಡ. ತೋಡಿ ರಾಗದ ಆಲಾಪನೆ, ಅಂದರೆ ಹಾಡಿಗೆ ಮುಂಚೆ ತಾಳವಿಲ್ಲದೆ ರಾಗ ಬಿಡಿಸುವುದು, ನಡೆದಿತ್ತು. ಗಾಯಕರು ಗಾಂಧಾರದಲ್ಲಿ, ಅಂದರೆ ಗ ಸ್ವರದಲ್ಲಿ ನಿಂತು ಅದನ್ನು ಅಲುಗಿಸುತ್ತಿದ್ದರು. ತೋಡಿಯ ಜೀವ ಇರುವುದೇ ಆ ಅಲುಗಾಟದಲ್ಲಿ. ಮೆಲ್ಲಗೆ ಮೇಲಿನ ಷಡ್ಜಕ್ಕೆ, ಅಂದರೆ ಮೇಲಿನ ಸ ಸ್ವರಕ್ಕೆ ಹೊರಟರು. ಇನ್ನೇನು ಮುಟ್ಟಬೇಕು, ಅವರ ದನಿ ಕುಗ್ಗಿತು, ನಿರೂಪಕರ ದನಿ ಏರಿತು. ಶುಭೋದಯ, ಹೊರಗೆ ಚುಮುಚುಮು ಚಳಿಯಂತೆ. ಮಂಗಳೂರಲ್ಲಿ ಚಳಿ! ಕಿಟಕಿ ಪಕ್ಕ ಕೂತು ನಾನು ಬೆವರು ಒರೆಸುತ್ತಿದ್ದೆ. ಆಮೇಲೆ ಹುಟ್ಟುಹಬ್ಬದ ಶುಭಾಶಯ, ಕಾಫಿಯ ವರ್ಣನೆ. ಮಾತು ಮುಗಿಯುವಾಗ ಹಾಡು ಪಲ್ಲವಿ ದಾಟಿತ್ತು.

ಎರಡು ನಿಮಿಷ ತಾನೇ ಅನ್ನಬೇಡಿ. ಹಳೆಯ ಗ್ರಾಮಫೋನ್ ಪ್ಲೇಟಿನ ಒಂದು ಬದಿಗೆ ಹಿಡಿಸುತ್ತಿದ್ದದ್ದು ಮೂರು ನಿಮಿಷ ಚಿಲ್ಲರೆ. ಅಷ್ಟರಲ್ಲೇ ದೊಡ್ಡವರು ರಾಗದ ಮುಖ ತೋರಿಸಿ ಹೋಗಿದ್ದಾರೆ. ಚಳಿಗೂ ಕಾಫಿಗೂ ಕೊಟ್ಟ ಸಮಯದಲ್ಲಿ ಇಡೀ ಒಂದು ರಾಗ ಕೇಳಬಹುದಿತ್ತು.

ಮಾತು ತಿಂದ ಹೊತ್ತಿನ ಸಾಲ ಕಡೆಗೆ ತೀರಿಸುವುದು ಪಾಪ ಮೃದಂಗದವರು. ಅವತ್ತು ತನಿ ಆವರ್ತನ, ಅಂದರೆ ಹಾಡು ನಿಲ್ಲಿಸಿ ಮೃದಂಗಕ್ಕೇ ಬಿಟ್ಟುಕೊಡುವ ಭಾಗ, ಮುಕ್ತಾಯಕ್ಕೆ ಬಂದಿತ್ತು. ಒಂದೇ ಜತಿಯನ್ನು ಮೂರು ಸಲ ನುಡಿಸಿ ಸಮಕ್ಕೆ, ಅಂದರೆ ತಾಳದ ಮೊದಲ ಪೆಟ್ಟಿಗೆ ಬಂದು ಬೀಳಬೇಕು. ಒಂದು ಸಲ ಆಯಿತು, ಎರಡು ಸಲ ಆಯಿತು. ಅಷ್ಟರಲ್ಲಿ ಸುದ್ದಿ. ಮೂರನೆಯದನ್ನು ನನ್ನ ತೊಡೆಯ ಮೇಲೆ ನಾನೇ ಬಡಿದು ಮುಗಿಸಿದೆ. ಪಕ್ಕದ ಸೀಟಿನವರು ನನ್ನನ್ನೊಮ್ಮೆ ನೋಡಿ, ಸ್ವಲ್ಪ ಆಚೆ ಸರಿದು ಕೂತರು.