ಹಂಸದ ದೋಣಿಯ ಯಜಮಾನರು

ಮೂರು ದಿನ ಆಯ್ತು, ಸಿಟ್ಟು ಇಳಿದಿಲ್ಲ. ಇಳಿದ ಮೇಲೆ ಬರೆಯೋಣ ಅಂತ ಕಾದೆ. ಇಳಿಯೋ ಲಕ್ಷಣ ಕಾಣಲಿಲ್ಲ, ಅದಕ್ಕೇ ಕೂತಿದ್ದೀನಿ.

ಇರಾನಿನ ಇಸ್ಫಹಾನ್ ಊರಲ್ಲಿ ಒಬ್ಬ ಫೋಟೊಗ್ರಾಫರ್ ಇನ್‌ಸ್ಟಾಗ್ರಾಮಲ್ಲಿ ದಿನಕ್ಕೊಂದು ಮುಖದ ಫೋಟೊ ಹಾಕ್ತಾರೆ ಅಂತ ನಾನು ಇಲ್ಲಿ ಹೇಳ್ತಾನೇ ಇರ್ತೀನಲ್ಲ, ಅವರದೇ ವಿಷಯ. ಬೀದಿಯಲ್ಲಿ ಸಿಕ್ಕವರು. ಚಹಾರ್ ಬಾಗ್ ರಸ್ತೆಯ ಬೆಂಚಿನ ಮೇಲೆ ಪೇಪರ್ ಹಿಡಿದು ಕೂತ ರಿಟೈರ್ಡ್ ಮೇಷ್ಟ್ರು, ಅರ್ಮೇನಿಯನ್ನರ ಜುಲ್ಫಾ ಕೇರಿಯಲ್ಲಿ ಬೇಕರಿ ನಡೆಸೋ ಹೆಂಗಸು, ಗಜ್ ಮಿಠಾಯಿ ಕಟ್ಟಿಕೊಡೋ ಹುಡುಗ. ಕೆಳಗೆ ಹೆಸರು, ವಯಸ್ಸು, ಕೆಲಸ, ಅವರಾಡಿದ ಒಂದೆರಡು ಮಾತು. ಅಲ್ಲಿ ಇನ್‌ಸ್ಟಾಗ್ರಾಮ್ 2022ರ ಸೆಪ್ಟೆಂಬರ್‌ನಲ್ಲೇ ಬಂದ್ ಆಯ್ತು. 'ಫಿಲ್ಟರ್‌ಶೆಕನ್' ಅಂತಾರೆ, ಅಂದ್ರೆ ತಡೆ ಒಡೆಯೋದು, ನಾವು ವಿಪಿಎನ್ ಅನ್ನೋದು. ಅದನ್ನ ಹಾಕ್ಕೊಂಡು, ನೆಟ್ ಸಿಗೋವರೆಗೂ ಕಾದು, ದಿನಾ ಒಂದು ಮುಖ.

ಸೋಮವಾರ ಬಂದ ಫೋಟೊ ನೋಡಿ ನಾನು ಅಂಗಡಿ ಬಾಗಿಲು ಅರ್ಧಕ್ಕೆ ಎತ್ತಿ ಹಾಗೇ ನಿಂತುಬಿಟ್ಟೆ. ಜಾಯಂದೆ ರೂದ್ ನದಿ. ಹೆಸರಿನ ಅರ್ಥವೇ ಜೀವ ಕೊಡೋ ಹೊಳೆ. ವರ್ಷದ ಬಹುಪಾಲು ಅದರಲ್ಲಿ ಈಗ ನೀರೇ ಇರಲ್ಲ. ಬರಗಾಲ ಒಂದು ಕಡೆ, ಯಜ್ದ್ ಊರಿಗೂ ಉಕ್ಕಿನ ಕಾರ್ಖಾನೆಗೂ ಪೈಪಲ್ಲಿ ಹೋಗೋ ನೀರು ಇನ್ನೊಂದು ಕಡೆ. ಆ ಬಿರುಕು ಬಿಟ್ಟ ಮಣ್ಣಿನ ಮೇಲೆ ಸಾಲಾಗಿ ಹಂಸದ ಆಕಾರದ ಪೆಡಲ್ ದೋಣಿಗಳು, ಹಿಂದೆ ಸಿ-ಒ-ಸೆ ಪೋಲ್ ಸೇತುವೆಯ 33 ಕಮಾನು. ದೋಣಿ ಬಾಡಿಗೆಗೆ ಕೊಡೋ ಯಜಮಾನರು ಒಂದು ಹಂಸದ ಕುತ್ತಿಗೆ ಮೇಲೆ ಕೈಯಿಟ್ಟು ನಿಂತಿದ್ದಾರೆ. 68 ವರ್ಷ. ಅಂಗಿಯ ಮೇಲಿನ ಗುಂಡಿ ಬೇರೆ ಬಣ್ಣದ್ದು, ಆದ್ರೂ ಕತ್ತಿನವರೆಗೂ ಹಾಕ್ಕೊಂಡಿದ್ದಾರೆ. ಇನ್ನೊಂದು ಕೈಯಲ್ಲಿ ಒದ್ದೆ ಬಟ್ಟೆ. ಸಾಲಲ್ಲಿರೋ ಉಳಿದ ಹಂಸಗಳೆಲ್ಲ ಧೂಳು ಹಿಡಿದಿವೆ, ಇದೊಂದರ ಮುಖ ಮಾತ್ರ ಬೆಳ್ಳಗೆ ಹೊಳೀತಿದೆ. ಫೋಟೊಗೆ ಅಂತ ಒರೆಸಿದ್ದಾರೆ!

ಇದನ್ನ ನಮ್ಮ ಫೋಟೊಗ್ರಾಫರುಗಳ ಒಂದು ಕನ್ನಡ ಗುಂಪಿಗೆ ಹಾಕಿದೆ. ಸಂಜೆ ಹೊತ್ತಿಗೆ 63 ಕಾಮೆಂಟು. 'ಇದು ಇರಾನಾ? ನಂಬಕ್ಕಾಗಲ್ಲ.' 'ಬುರ್ಖಾದವರು ಒಬ್ರೂ ಇಲ್ವಲ್ಲ.' 'ಎಣ್ಣೆ ಮಾರಿ ಬಾಂಬ್ ಮಾಡಿದ್ರು, ನೀರಿಗೆ ದುಡ್ಡಿಲ್ಲ.' ಆಮೇಲೆ ಅಮೆರಿಕ, ಇಸ್ರೇಲ್, ಹಿಂದಿನ ದೊರೆ ಶಾ ಕಾಲದ ಫೋಟೊ. ಇಬ್ಬರು ರಾತ್ರಿ ಹನ್ನೊಂದರವರೆಗೂ ಜಗಳ. 63ರಲ್ಲಿ ಒಬ್ಬರಾದ್ರೂ ಆ ಒರೆಸಿದ ಹಂಸ ನೋಡಿದ್ರಾ? ಕ್ಯಾಮೆರಾ ಹಿಡಿದು ಅನ್ನ ತಿನ್ನೋರು ಕಣ್ರೀ ಇವರೆಲ್ಲ. ನೋಡೋದೇ ಇವರ ಕೆಲಸ.

ಅದೇ ಫೋಟೊದ ಕೆಳಗೆ ಅವರೂರಿನವರು ಏನು ಬರೆದಿದ್ರು ಅಂತ ಮೊಬೈಲಲ್ಲಿ ಅನುವಾದ ಹಾಕಿ ಓದಿದೆ. 'ಖಸ್ತೆ ನಬಾಶೀದ್.' ಒಬ್ಬರಾದ ಮೇಲೆ ಒಬ್ಬರು ಅದನ್ನೇ ಬರೆದಿದ್ದಾರೆ. ಕೆಲಸದಲ್ಲಿರೋ ಯಾರನ್ನೇ ಕಂಡರೂ ಅಲ್ಲಿ ಹಾಗೆ ಹೇಳ್ತಾರಂತೆ: ನಿಮಗೆ ದಣಿವಾಗದಿರಲಿ. ಒಬ್ಬ ಹೆಣ್ಣುಮಗಳು, ಚಿಕ್ಕವಳಿದ್ದಾಗ ಈ ದೋಣಿಯಲ್ಲೇ ನಮ್ಮಪ್ಪ ಕೂರಿಸಿದ್ರು ಅಂತ ಬರೆದಿದ್ದಳು. ಒಂದೇ ಫೋಟೊ. ಅವರಿಗೆ ಅದರಲ್ಲಿ ಒಬ್ಬ ಮನುಷ್ಯ ಕಂಡ, ನಮ್ಮವರಿಗೆ ಒಂದು ದೇಶ ಕಂಡಿತು.

ಒಬ್ಬ ಗೆಳೆಯ ಫೋನ್ ಮಾಡಿ ವಾದಿಸಿದ. 'ಅಣ್ಣಾ, ಜನರನ್ನ ಜೈಲಿಗೆ ತಳ್ಳೋ ಸರ್ಕಾರ ಅದು, ಇಂಥ ಚಂದದ ಫೋಟೊ ಹಾಕಿದ್ರೆ ಅದನ್ನೆಲ್ಲ ಮುಚ್ಚಿಟ್ಟಂಗೆ ಆಗಲ್ವಾ?' ಪ್ರಶ್ನೆಯಲ್ಲಿ ಹುರುಳಿಲ್ಲ ಅನ್ನಲ್ಲ. ಆದ್ರೆ ಆ ಯಜಮಾನರು ನಿಂತಿದ್ದು ಎಲ್ಲಿ? 2021ರ ನವೆಂಬರ್‌ನಲ್ಲಿ ರೈತರು ಟೆಂಟ್ ಹಾಕ್ಕೊಂಡು ನೀರು ಕೊಡಿ ಅಂತ ಕೂತಿದ್ದೂ ಇದೇ ನದಿಯ ಒಣ ಪಾತ್ರದಲ್ಲಿ. ಸಾವಿರಾರು ಜನ ಅವರ ಜೊತೆ ಬಂದು ನಿಂತರು, ಕೊನೆಗೆ ಪೊಲೀಸರು ನುಗ್ಗಿ ಚದುರಿಸಿದರು. ಒಣಗಿದ ಹೊಳೆಯಲ್ಲಿ ದೋಣಿ ಒರೆಸ್ತಾ ನಿಂತವರ ಫೋಟೊ ಅದರಲ್ಲಿ ಯಾವುದನ್ನ ಮುಚ್ಚಿಟ್ಟಿತು? ಸ್ಕಾರ್ಫ್ ಸರಿಯಾಗಿ ಹಾಕಿಲ್ಲ ಅಂತ ಪೊಲೀಸರು ಹಿಡಿದೊಯ್ದ ಹುಡುಗಿ ಮಹ್ಸಾ ಅಮಿನಿ ಸತ್ತಿದ್ದು 2022ರ ಸೆಪ್ಟೆಂಬರ್ 16ಕ್ಕೆ. ಅದಾದ ಮೇಲೆ ಈ ಮುಖಗಳನ್ನ ಸಾಲಾಗಿ ನೋಡ್ತಾ ಬಂದವನು ನಾನು. ತಲೆ ಮೇಲಿದ್ದ ಸ್ಕಾರ್ಫ್ ಒಬ್ಬಳದು ಹಿಂದಕ್ಕೆ ಸರಿದಿತ್ತು, ಇನ್ನೊಬ್ಬಳದು ಭುಜಕ್ಕೆ ಇಳಿದಿತ್ತು, ಮತ್ತೊಬ್ಬಳದು ಇರಲೇ ಇಲ್ಲ. ಯಾರೂ ಘೋಷಣೆ ಕೂಗ್ತಿರಲಿಲ್ಲ. ತರಕಾರಿ ಚೀಲ ಹಿಡಿದಿದ್ರು, ಬಸ್ಸಿಗೆ ಕಾಯ್ತಿದ್ರು. 2025ರ ಜೂನ್‌ನಲ್ಲಿ ಇಸ್ರೇಲ್ ಜೊತೆ ಹನ್ನೆರಡು ದಿನ ಯುದ್ಧ ನಡೆದಾಗ ನಮ್ಮ ಟಿವಿಗಳಿಗೆ ಹೊಗೆ ಬಿಟ್ಟು ಬೇರೇನೂ ಕಾಣಲಿಲ್ಲ. ಆ ಹೊಗೆ ಕೆಳಗಿನ ಓಣಿಯಲ್ಲಿ ಯಾರಿದ್ದಾರೆ ಅಂತ ನನಗೆ ಗೊತ್ತಿತ್ತು. ಮೇಷ್ಟ್ರು ಎಲ್ಲಿದ್ದಾರೋ, ಬೇಕರಿಯಾಕೆ ಏನಾದರೋ ಅಂತ ನಿದ್ದೆ ಬರಲಿಲ್ಲ.

ಮನುಷ್ಯನನ್ನ ಮನುಷ್ಯನಾಗೇ ಫೋಟೊದಲ್ಲಿ ತೋರಿಸೋದು ಇಸ್ಫಹಾನಿಗೆ ಹೊಸದೂ ಅಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ, 1942ರಿಂದ, ಸೋವಿಯತ್ ನೆಲದಿಂದ ಬದುಕಿ ಬಂದ ಪೋಲೆಂಡಿನ ಎರಡು ಸಾವಿರಕ್ಕೂ ಹೆಚ್ಚು ಮಕ್ಕಳು ಆ ಊರಲ್ಲಿ ಆಸರೆ ಪಡೆದರು. ಅಬುಲ್‌ಖಾಸೆಮ್ ಜಲಾ ಅನ್ನೋ ಸ್ಟುಡಿಯೊ ಫೋಟೊಗ್ರಾಫರ್ ಆ ಮಕ್ಕಳ ಮುಖಗಳನ್ನ ಗಾಜಿನ ಪ್ಲೇಟಿನ ಮೇಲೆ ಇಳಿಸಿಟ್ಟರು. ಅದರಲ್ಲಿ ಕೆಲವನ್ನ ನೋಡಿದ್ದೀನಿ. ತಲೆ ಬಾಚಿದೆ, ಬಟ್ಟೆ ನೆಟ್ಟಗಿದೆ, ಕಣ್ಣು ಕ್ಯಾಮೆರಾ ಕಡೆ. 'ನಿರಾಶ್ರಿತ' ಅಂತ ಯಾರ ಹಣೆ ಮೇಲೂ ಬರೆದಿಲ್ಲ. ಸ್ಟುಡಿಯೊದವನ ಮಗನಾಗಿ ಹೇಳ್ತೀನಿ, ಹಾಗೆ ಕೂರಿಸೋದು ಸುಲಭದ ಕೆಲಸ ಅಲ್ಲ.

ಸಿಟ್ಟು ಬರೋದಕ್ಕೆ ಇನ್ನೊಂದು ಕಾರಣ ಇದೆ. ಇದುವರೆಗೂ ಯಾರಿಗೂ ಹೇಳಿಲ್ಲ.

ಹದಿನಾಲ್ಕು ವರ್ಷದ ಹಿಂದೆ ಒಂದು ಸ್ಪರ್ಧೆಯಲ್ಲಿ ನನಗೆ ಬಹುಮಾನ ಬಂತಲ್ಲ, ಪೇಪರಲ್ಲೂ ಬಂತು, ನೀವೆಲ್ಲ ಮನೆಗೆ ಬಂದು ಶಾಲು ಹೊದಿಸಿದ್ರಿ. ನಮ್ಮ ಬೀದರಿನ ಸಂತೆಯಲ್ಲಿ ಮೆಂತ್ಯೆಸೊಪ್ಪು ಮಾರೋ ಆಯಿಯ ಫೋಟೊ ಅದು. ಸುಕ್ಕು ಚೆನ್ನಾಗಿ ಕಾಣಲಿ ಅಂತ ಪಕ್ಕದ ಬೆಳಕಲ್ಲಿ ತೆಗೆದಿದ್ದೆ. ಶೀರ್ಷಿಕೆ 'ಹಸಿವು'. ಪೇಪರ್ ಹಿಡ್ಕೊಂಡು ಖುಷಿಯಿಂದ ತೋರಿಸೋಕೆ ಹೋದೆ. ಆಯಿಗೆ ಓದೋಕೆ ಬರ್ತಿರಲಿಲ್ಲ, ಪಕ್ಕದ ಹುಡುಗ ಓದಿ ಹೇಳಿದ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ನಾ ಯಾವಾಗ ಹಸದೀನಿ ಅಂದಿದ್ನೋ ತಮ್ಮಾ? ನನ್ನ ಹೆಸರರ ಹಾಕ್ಬಾರ್ದಿತ್ತೇನು?' ಅಂದರು. ಹೆಸರು ನಾನು ಕೇಳಿಯೇ ಇರಲಿಲ್ಲ. ಆ ಸರ್ಟಿಫಿಕೇಟು ಗೋಡೆಯಿಂದ ಇಳಿಸಿ ಎಷ್ಟೋ ವರ್ಷ ಆಯ್ತು. ಯಾಕೆ ಅಂತ ಕೇಳಿದವರಿಗೆಲ್ಲ ಗೆದ್ದಲು ಅಂತ ಸುಳ್ಳು ಹೇಳಿದ್ದೀನಿ.

ಅದಕ್ಕೇ ಆ 63 ಕಾಮೆಂಟು ನನಗೆ ಅಷ್ಟು ಚುಚ್ಚಿದ್ದು. ಒಬ್ಬ ಮನುಷ್ಯನ ಮುಖ ತಗೊಂಡು ಅದರ ಮೇಲೆ ನಮಗೆ ಬೇಕಾದ ಶೀರ್ಷಿಕೆ ಅಂಟಿಸೋದು ಎಂಥ ತಪ್ಪು ಅಂತ ಮಾಡಿ ತಿಳಿದವನು ನಾನು.

ಇರಾನಿನ ಉಸಾಬರಿ ನಮಗ್ಯಾಕೆ ಅಂತಲೂ ಒಬ್ಬರು ಕೇಳಿದ್ರು. ಬೀದರಿನವರು ಕೇಳಬಾರದ ಪ್ರಶ್ನೆ ಅದು. ದಿನಾ ನಾವು ದಾಟಿ ಹೋಗೋ ಮದರಸಾ 1472ರಲ್ಲಿ ಕಟ್ಟಿಸಿದ ಮಹಮೂದ್ ಗಾವಾನ್ ಬಂದಿದ್ದು ಇರಾನಿನ ಗೀಲಾನ್‌ನಿಂದ. ನೌಬಾದಿನ ಕರೇಜ್, ನೆಲದೊಳಗೆ ಸುರಂಗ ಕೊರೆದು ನೀರು ತರೋ ವಿದ್ಯೆ, ಅದೂ ಆ ಕಡೆಯದೇ. ಇಸ್ಫಹಾನಿನ ನಖ್ಶ್-ಎ-ಜಹಾನ್ ಚೌಕದ ಪಕ್ಕದ ಬಜಾರಲ್ಲಿ ತಾಮ್ರದ ತಟ್ಟೆ ಮೇಲೆ ಉಳಿ ಇಟ್ಟು ಬಳ್ಳಿ ಕೊರೆಯೋ ಒಬ್ಬರ ವಿಡಿಯೊ ಹಾಕಿದ್ರು ಒಮ್ಮೆ. ಕಣ್ಣು ಮುಚ್ಚಿ ಕೇಳಿದೆ. ನಮ್ಮ ಬಿದರಿ ಕೆಲಸದ ಓಣಿಯ ಅದೇ ಟಕ್ ಟಕ್.

ಸೋಮವಾರದ ಯಜಮಾನರ ಹೆಸರು ಅವರ ಫೋಟೊದ ಕೆಳಗಿದೆ. ಇಲ್ಲಿ ಬರೆಯಲ್ಲ, ಆ ಜಗಳದ ಬಾಯಿಗೆ ಅವರ ಹೆಸರು ಬೀಳೋದು ಬೇಡ. ಆ ಗುಂಪಿನಿಂದ ಫೋಟೊ ತೆಗೆದುಹಾಕಿದ್ದೀನಿ, ನಾನೂ ಹೊರಗೆ ಬಂದಿದ್ದೀನಿ.

ಇವತ್ತಿನ ಮುಖ ಈಗಷ್ಟೇ ಬಂತು. ಒಂಬತ್ತು ವರ್ಷದ ಹುಡುಗ, ಭಟ್ಟಿಯಿಂದ ಬಿಸಿ ಬಿಸಿ ಸಂಗಕ್ ರೊಟ್ಟಿ ತಗೊಂಡು ಮನೆಗೆ ಹೊರಟಿದ್ದಾನೆ. ಸಣ್ಣ ಬೆಣಚುಕಲ್ಲಿನ ಮೇಲೆ ಬೇಯಿಸ್ತಾರೆ ಅದನ್ನ, ಅವನ ಉದ್ದಕ್ಕಿದೆ ರೊಟ್ಟಿ. ಒಂದು ಕಲ್ಲು ಇನ್ನೂ ಅಂಟಿಕೊಂಡಿದೆ, ಉಗುರಲ್ಲಿ ಕೀಳ್ತಿದ್ದಾನೆ. ಬೆರಳು ಸುಡ್ತಿರಬೇಕು, ತುಟಿ ಕಚ್ಚಿಕೊಂಡಿದ್ದಾನೆ. ಕೆಳಗೆ ಅವರೂರಿನವರು 'ನೂಶೆ ಜಾನ್' ಅಂತ ಬರೆದಿದ್ದಾರೆ, ಮೈಗೆ ಹತ್ತಲಿ ಅಂತ. ನಾನೂ ಅದನ್ನೇ ಬರೆದೆ.