ಜಿಗ್ ಇಲ್ದಿದ್ರೂ ಗರಿ ಸಮ ಬರ್ತದೆ

ಜಿಗ್ (ಗರಿ ಅಂಟಿಸೋವಾಗ ಬಾಣನ, ಗರಿನ ಸರಿ ಜಾಗದಲ್ಲಿ ಹಿಡಿದಿಡೋ ಸಾಧನ) ಇಲ್ದೆ ಬಾಣಕ್ಕೆ ಗರಿ ಸಮ ಅಂತರದಲ್ಲಿ ಅಂಟಿಸೋಕೆ ಆಗೋದೇ ಇಲ್ಲ ಅಂತ ಶಿರಸಿ ಕಡೆ ಒಂದು ಮಾತು ಓಡಾಡ್ತಾ ಇದೆ. ಸುಳ್ಳು ಮಾರಾಯ್ರೆ. ಪೇಪರ್ ಪಟ್ಟಿನ ಬಾಣದ ಕಡ್ಡಿಗೆ ಬಿಗಿಯಾಗಿ ಒಂದು ಸುತ್ತು ಸುತ್ತಿ, ಅಂಚು ಸೇರೋ ಕಡೆ ಪೆನ್ಸಿಲ್ ಗೆರೆ ಹಾಕಿ, ಬಿಚ್ಚಿ, ಆ ಉದ್ದನ ಮೂರು ಪಾಲು ಮಾಡಿ ಮತ್ತೆ ಸುತ್ತಿದ್ರೆ 120 ಡಿಗ್ರಿ ತಾನಾಗೇ ಬರ್ತದೆ, 6 ಮಿಮೀ ದಪ್ಪದ ಕಡ್ಡಿಗಾದ್ರೆ ಗೆರೆಯಿಂದ ಗೆರೆಗೆ ಸುಮಾರು 6.3 ಮಿಮೀ. ರಿಕರ್ವ್ ಬಿಲ್ಲಿಗಾದ್ರೆ (ತುದಿ ಮುಂದಕ್ಕೆ ಬಾಗಿರೋ ಬಿಲ್ಲು) ಮೊದಲ್ನೇ ಗರಿ ನಾಕ್ ಸೀಳಿಗೆ, ಅಂದ್ರೆ ಬಾಣದ ಹಿಂದಿನ ತುದಿಲಿ ಹೆದೆ ಕೂರೋ ಸೀಳಿಗೆ, ಅಡ್ಡ ಬರ್ಬೇಕು, ಅಷ್ಟೆ. ಜಿಗ್ ಇದ್ರೆ ಬೇಗ ಮುಗೀತದೆ, ಅದು ನಿಜ. ನಾನು ಗಡಿಬಿಡಿಲಿ ಹಾಳು ಮಾಡಿದ್ದು ಅಂತರ ಅಲ್ಲ, ಹಕ್ಕಿಯ ಎಡ ರೆಕ್ಕೆ ಗರಿ ಬಲ ರೆಕ್ಕೆ ಗರಿ ಕಲಸಿ ಅಂಟಿಸಿದ್ದು! ಒಂದೇ ಕಡೆದು ಇರ್ಬೇಕು. ಮತ್ತೆ ನಮ್ಮ ಮಳೆಗೆ ಹಕ್ಕಿ ಗರಿ ಒದ್ದೆಯಾಗಿ ಮುದುಡ್ತದೆ, ಪ್ಲಾಸ್ಟಿಕ್ ಗರಿನೇ (ವೇನ್) ವಾಸಿ.