ಕಡಲ ಬದಿಯಲ್ಲಿ ಕೂತು ಉಪ್ಪು ಖರೀದಿ

ಇನ್ನು ಯಾರಾದರೂ ನಾನು ಮನೆಯ ಗಾಜಿನ ಟ್ಯಾಂಕಿನಲ್ಲಿ ಹವಳ ಸಾಕುವುದು ನೋಡಿ "ಪಣಂಬೂರು ಬೀಚ್ ಇಲ್ಲೇ ಉಂಟಲ್ಲ ಮಾರಾಯಾ, ಎರಡು ಕ್ಯಾನ್ ಕಡಲ ನೀರು ತಂದರಾಯ್ತು, ಉಪ್ಪಿಗೆ ಯಾಕೆ ದುಡ್ಡು ಸುರಿಯುವುದು?" ಅಂತ ಕೇಳಿದರೆ ನನ್ನ ಬಾಯಲ್ಲಿ ಎಂತ ಬರ್ತದೆ ಅಂತ ಹೇಳ್ಲಿಕ್ಕಾಗುವುದಿಲ್ಲ.

ಮಳೆಗಾಲ ಶುರುವಾದರೆ ನೇತ್ರಾವತಿ, ಫಲ್ಗುಣಿ ಎರಡೂ ಕೆಂಪು ನೀರು ತಂದು ಅಳಿವೆಯಲ್ಲಿ ಸುರಿಯುತ್ತವೆ. ದಡದ ನೀರಿನ ಉಪ್ಪು ಇವತ್ತಿದ್ದ ಹಾಗೆ ನಾಳೆ ಇಲ್ಲ. ಹವಳಕ್ಕೆ ಲೀಟರಿಗೆ ಸುಮಾರು 35 ಗ್ರಾಂ ಬೇಕು, ದಿನಾ ಅಷ್ಟೇ ಬೇಕು. ಹಾಗಾಗಿ ಫಿಲ್ಟರ್ ಮಾಡಿದ ಆರ್‌ಓ ನೀರು, ಅದಕ್ಕೆ ಡಬ್ಬದಲ್ಲಿ ಬರುವ ಅಕ್ವೇರಿಯಂ ಉಪ್ಪು. ನನ್ನದು 200 ಲೀಟರಿನ ಟ್ಯಾಂಕ್. ವಾರಕ್ಕೆ 40 ಲೀಟರ್ ಬದಲಿಸಿದರೆ ಹತ್ತಿರ ಹತ್ತಿರ ಒಂದೂವರೆ ಕಿಲೋ ಉಪ್ಪು ಸೀದಾ ಬಚ್ಚಲಿಗೆ.

ನೇತ್ರಾಣಿ ದ್ವೀಪಕ್ಕೆ ಡೈವಿಂಗ್ ಹೋಗುವ ಭಾವ "ಒಂದು ತುಂಡು ಮುರಿದು ತರ್ತೇನೆ" ಅಂದ. ಗಟ್ಟಿ ಹವಳ ವನ್ಯಜೀವಿ ಕಾಯ್ದೆಯಲ್ಲಿ ಹುಲಿ ಇರುವ ಪಟ್ಟಿಯಲ್ಲೇ ಉಂಟು, ಜೈಲೂಟ ಬೇಕಾ ಅಂತ ಕೇಳಿದೆ.

ಅಸಲಿ ಸಿಟ್ಟು ಅಂಗಡಿಯವನ ಮೇಲೆ. "ಕಾರ್ನೇಶನ್ ಸರ್, ಮೆತ್ತನೆ ಹವಳ, ಈಜಿ. ಒಳ್ಳೆ ಲೈಟ್ ಹಾಕಿ, ಸಾಕು" ಅಂದ. ಆ ಗುಲಾಬಿ ಬಣ್ಣಕ್ಕೆ ನಾನೂ ಮರುಳಾದೆ, ಓದಿದ್ದು ಮನೆಗೆ ತಂದ ಮೇಲೆ. ಬೇರೆ ಎಷ್ಟೋ ಹವಳಗಳ ಮೈಯೊಳಗೆ ಪಾಚಿ ಉಂಟು, ಅದು ಬೆಳಕಿನಲ್ಲಿ ಅಡುಗೆ ಮಾಡಿ ಬಡಿಸ್ತದೆ. ಇದಕ್ಕೆ ಆ ಅಡುಗೆಯವನೇ ಇಲ್ಲ! ಹಗಲೂ ರಾತ್ರಿ ಪ್ಲಾಂಕ್ಟನ್ ಅನ್ನುವ ಸಣ್ಣ ಸಣ್ಣ ಜೀವಿಗಳು ತೇಲಿ ಬಂದು ಬಾಯಿಗೆ ಬೀಳ್ಬೇಕು. ಹಾಕದಿದ್ದರೆ ಉಪವಾಸ, ಹಾಕಿದರೆ ಉಳಿದದ್ದು ಕೊಳೆತು ನೈಟ್ರೇಟ್ ಏರಿ ನೀರು ಹಾಳು. ಈಜಿಯಂತೆ!

ಅದರ ಮೇಲೆ ಮೊನ್ನೆಯ ಗಾಳಿಮಳೆ. ರಾತ್ರಿ ಹೋದ ಕರೆಂಟ್ ಬೆಳಿಗ್ಗೆಯೇ ಬಂದದ್ದು. ಎರಡು ಗಂಟೆಗೆ ಇನ್ವರ್ಟರೂ ಕುಂಯ್ ಅಂತು, ಪಂಪ್ ನಿಂತಿತು. ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು, ಸ್ನಾನದ ಚೊಂಬಿನಲ್ಲಿ ಟ್ಯಾಂಕಿನ ನೀರು ಎತ್ತಿ ಎತ್ತಿ ಅದಕ್ಕೇ ಸುರಿದೆ, ಸ್ವಲ್ಪ ಗಾಳಿ ಸೇರಲಿ ಅಂತ. ಬೆಳಕು ಹರಿಯುವಾಗ ನೋಡಿದರೆ ಹೂಗುಚ್ಛದ ಹಾಗೆ ಉಬ್ಬಿದ್ದದ್ದು ಹೆಬ್ಬೆರಳಿನಷ್ಟಾಗಿತ್ತು. ತೆಳು ಚರ್ಮದೊಳಗಿನ ಸುಣ್ಣದ ಕಡ್ಡಿಗಳು ಅಕ್ಕಿನುಚ್ಚಿನ ಹಾಗೆ ಎದ್ದು ಕಾಣ್ತಿದ್ದವು. ಮಧ್ಯಾಹ್ನಕ್ಕೆ ವಾಸನೆ. "ಮೀನಿನ ದಕ್ಕೆಯಲ್ಲಿ ಸಂಸಾರ ಮಾಡಿದ ಹಾಗಾಯ್ತು" ಅಂತ ಅಮ್ಮ ಮೂಗಿಗೆ ಸೆರಗು ಹಿಡಿದರು.

ಅಂಗಡಿಯವನಿಗೆ ಫೋನ್ ಮಾಡಿ ಬೈದೆ. ಪೂರ್ತಿ ಕೇಳಿದ, ಪುಣ್ಯಾತ್ಮ. ಆಮೇಲೆ ತಣ್ಣಗೆ ಕೇಳ್ತಾನೆ: "ನೀರು ಯಾವುದು ಹಾಕ್ತೀರಿ ಸರ್? ಪಣಂಬೂರು ನಿಮಗೆ ಹತ್ತಿರವೇ ಅಲ್ವಾ?"